ಓದುಗರ ಪ್ರಶ್ನೆ: ಕ್ಯಾಡ್ಮಿಯಂ ಸಲ್ಫೈಡ್ ಪದರ ಏಕೆ ಉದುರುತ್ತದೆ?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಗಾಜಿನ ಸ್ಲೈಡ್ ಮೇಲೆ ಕ್ಯಾಡ್ಮಿಯಂ ಸಲ್ಫೈಡ್ ಪದರ ಕೂರಿಸುತ್ತಿದ್ದೇವೆ. ಒಮ್ಮೊಮ್ಮೆ ದ್ರಾವಣ ಬೆಳ್ಳಗೆ ಕದಡುತ್ತದೆ. ಪದರ ಬಂದರೂ ಬೆರಳು ಸೋಕಿದರೆ ಹಳದಿ ಪುಡಿ ಉದುರುತ್ತದೆ. ಎಲ್ಲಿ ತಪ್ಪುತ್ತಿದ್ದೇವೆ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮೊದಲು, ಬರಿಗೈಯಲ್ಲಿ ಮುಟ್ಟಿ ನೋಡುವುದನ್ನು ಬಿಡಿ. ದೇಹ ಸೇರಿದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಉಳಿಯುತ್ತದೆ, ಕ್ಯಾನ್ಸರ್‌ಗೂ ಕಾರಣವಾಗುತ್ತದೆ.

ಆ ಬಿಳಿ ಕದಡು ಕ್ಯಾಡ್ಮಿಯಂ ಹೈಡ್ರಾಕ್ಸೈಡ್. ಅಮೋನಿಯ ಸಾಲದು ಎಂದೇ ಅರ್ಥ. ಸಾಕಷ್ಟು ಅಮೋನಿಯ ಇದ್ದರೆ ಅದು ಕ್ಯಾಡ್ಮಿಯಂ ಅಯಾನುಗಳನ್ನು ಹಿಡಿದಿಟ್ಟು ಸ್ವಲ್ಪಸ್ವಲ್ಪವೇ ಬಿಡುತ್ತದೆ. ಥಯೋಯೂರಿಯ ಕೂಡ ಸಲ್ಫೈಡನ್ನು ನಿಧಾನವಾಗಿಯೇ ಕೊಡುತ್ತದೆ. ಈ ನಿಧಾನ ತಪ್ಪಿದರೆ ಕಣಗಳು ಗಾಜಿನ ಮೇಲೆ ಬೆಳೆಯುವ ಬದಲು ದ್ರಾವಣದಲ್ಲೇ ಹುಟ್ಟಿ, ಬಂದು ಅಂಟಿಕೊಳ್ಳುತ್ತವೆ. ಉದುರುವುದು ಅವೇ.

200 ಮಿ.ಲೀ. ದ್ರಾವಣಕ್ಕೆ ಕ್ಯಾಡ್ಮಿಯಂ ಅಸಿಟೇಟ್ ಡೈಹೈಡ್ರೇಟ್ 0.107 ಗ್ರಾಂ, ಥಯೋಯೂರಿಯ 0.152 ಗ್ರಾಂ, 25% ಅಮೋನಿಯ 15 ಮಿ.ಲೀ. ಸಾಕು. ಕೆಲಸವೆಲ್ಲ ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಗೂಡು) ಒಳಗೆ, ಕೈಗವಸು ಹಾಕಿಕೊಂಡು. ಅಸಿಟೇಟನ್ನು ನೀರಲ್ಲಿ ಕರಗಿಸಿ ಅಮೋನಿಯ ಸುರಿಯಿರಿ. ಕ್ಷಣಕಾಲ ಕದಡಿದರೂ ತಿಳಿಯಾಗಬೇಕು. ಸ್ಲೈಡನ್ನು ನೆಟ್ಟಗೆ ನಿಲ್ಲಿಸಿ (ಮಲಗಿಸಿದರೆ ಪುಡಿ ಮೇಲೆ ಕೂರುತ್ತದೆ), ಕಲಕುತ್ತಾ 70 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. ಕೊನೆಗೆ ಥಯೋಯೂರಿಯ ದ್ರಾವಣ. ಬೀಕರ್ ಮುಚ್ಚಿಡಿ, ತೆರೆದಿಟ್ಟರೆ ಅಮೋನಿಯ ಹಾರಿಹೋಗಿ ಮತ್ತೆ ಅದೇ ಕಥೆ. ದ್ರಾವಣ ದಟ್ಟ ಹಳದಿಯಾಗುತ್ತಿದ್ದಂತೆ ಸ್ಲೈಡ್ ತೆಗೆದು, ಒದ್ದೆ ಹತ್ತಿಯಿಂದ ಸವರಿ ತೊಳೆಯಿರಿ. ಸ್ಲೈಡಿನ ಮೇಲೆ ಅಲ್ಲಲ್ಲಿ ಪದರವೇ ಬಂದಿಲ್ಲವೆಂದರೆ ಗಾಜಿನಲ್ಲಿ ಜಿಡ್ಡಿದೆ.

ಉಳಿದ ದ್ರಾವಣ, ತೊಳೆದ ನೀರು, ಹತ್ತಿ ಯಾವುದೂ ಸಿಂಕ್‌ಗೆ ಬೇಡ, ಒಂದು ಡಬ್ಬಿಯಲ್ಲಿ ಕೂಡಿಡಿ. ಆ ಡಬ್ಬಿಗೆ ಆಮ್ಲವನ್ನಂತೂ ಸುರಿಯಲೇಬೇಡಿ, ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಕಾಲೇಜಿನ ಮೂಲಕ ಕಳಿಸಿ.

ಪ್ರಶ್ನೆ: ಬೀದಿದೀಪದ ಸರ್ಕ್ಯೂಟ್‌ನಲ್ಲಿ ಬಳಸುವ ಎಲ್‌ಡಿಆರ್‌ (ಬೆಳಕಿಗೆ ತಕ್ಕಂತೆ ರೋಧ ಬದಲಾಗುವ ಬಿಡಿಭಾಗ)ನಲ್ಲೂ ಇದೇ ವಿಷ ಇದೆಯೇ?
– ಓದುಗರು, ತುಮಕೂರು

ಉತ್ತರ: ಇದೆ. ಮೇಲೆ ಕಾಣುವ ಹಾವಿನಂಥ ಅಂಕುಡೊಂಕು ಪಟ್ಟಿ ಸಾಮಾನ್ಯವಾಗಿ ಕ್ಯಾಡ್ಮಿಯಂ ಸಲ್ಫೈಡ್. ಅದರ ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನನ್ನು ಬಿಡಿಸಿ ವಿದ್ಯುತ್ ಹರಿಸಲು ಬೇಕಾದ ಕನಿಷ್ಠ ಶಕ್ತಿ) 2.42 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 512 ನ್ಯಾನೊಮೀಟರಿನ ಹಸಿರು ಬೆಳಕು. ಹಾಗಾಗಿ ನಮ್ಮ ಕಣ್ಣಿಗೆ ಹೆಚ್ಚು ಕಾಣುವ ಬೆಳಕಿಗೇ ಅದೂ ಚೆನ್ನಾಗಿ ಸ್ಪಂದಿಸುತ್ತದೆ. ರಾಳದ ಹೊದಿಕೆ ಗಟ್ಟಿಯಾಗಿರುವವರೆಗೆ ಮುಟ್ಟಲು ಭಯವಿಲ್ಲ. ಉಜ್ಜಬೇಡಿ, ಒಡೆಯಬೇಡಿ, ಸುಡಲೇಬೇಡಿ. ಒಡೆದರೆ ಗುಡಿಸದೆ ಒದ್ದೆ ಕಾಗದದಿಂದ ಒರೆಸಿ, ಕಟ್ಟಿ, ಇ-ತ್ಯಾಜ್ಯಕ್ಕೆ ಕೊಡಿ. ಹೊಸ ಸರ್ಕ್ಯೂಟ್‌ಗಾದರೆ ಸಿಲಿಕಾನ್ ಫೋಟೊಟ್ರಾನ್ಸಿಸ್ಟರ್ ಹಾಕಿಕೊಳ್ಳುವುದೇ ಮೇಲು.