ಹೃದಯ ಸರಿಯಿದ್ದರೂ ಕೈ ಊದುವುದೇಕೆ?

ಪ್ರಶ್ನೆ: ನಮ್ಮ ಅತ್ತೆಯವರಿಗೆ ಎರಡು ವರ್ಷಗಳ ಹಿಂದೆ ಬಲ ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ, ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ಈಚೆಗೆ ಬಲಗೈ ಊದಿಕೊಂಡು ಬಳೆ ಏರುತ್ತಿಲ್ಲ. ಇಸಿಜಿ, ಎಕೋ ಎರಡೂ ಸರಿಯಿವೆ. ‘ಇದು ರಕ್ತಪರಿಚಲನೆಯ ತೊಂದರೆಯಲ್ಲ, ದುಗ್ಧನಾಳದ ಊತ’ ಎಂದರು ವೈದ್ಯರು. ಪಿಯುಸಿ ಓದುತ್ತಿರುವ ಮಗಳೋ, ದುಗ್ಧನಾಳವೂ ಪರಿಚಲನೆಗೇ ಸೇರಿದ್ದು ಎಂದು ವಾದಿಸುತ್ತಾಳೆ. ಯಾರ ಮಾತು ಸರಿ?
— ಓದುಗರೊಬ್ಬರು, ಪಾಂಡವಪುರ

ಉತ್ತರ: ಇಬ್ಬರ ಮಾತೂ ಸರಿ. ಪರಿಚಲನಾ ವ್ಯೂಹ ಎಂಬುದು ದೊಡ್ಡ ಹೆಸರು. ಹೃದಯ ಮತ್ತು ರಕ್ತನಾಳಗಳ ವ್ಯೂಹವೂ ದುಗ್ಧರಸ (ಲಿಂಫ್) ವ್ಯೂಹವೂ ಅದರೊಳಗೇ ಬರುತ್ತವೆ. ಆದರೆ ನಾವು ವೈದ್ಯರು ರೋಗಿಯ ಮುಂದೆ ‘ಪರಿಚಲನೆ’ ಎನ್ನುವಾಗ ಮೊದಲನೆಯದನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡಿರುತ್ತೇವೆ. ಅದು ನಮ್ಮ ರೂಢಿಯ ದೋಷ.

ವಯಸ್ಕರ ದೇಹದಲ್ಲಿರುವ ಸುಮಾರು 5 ಲೀಟರ್ ರಕ್ತ ವಿಶ್ರಾಂತಿಯ ಹೊತ್ತಿನಲ್ಲೂ ಹೆಚ್ಚುಕಡಿಮೆ ನಿಮಿಷಕ್ಕೊಂದು ಸುತ್ತು ಹಾಕುತ್ತದೆ. ಈ ಸುತ್ತು ನಾಳಗಳ ಒಳಗೇ ನಡೆದರೂ, ಕೂದಲಿಗಿಂತ ಸಪೂರವಾದ ಲೋಮನಾಳಗಳ ಗೋಡೆ ಜಿನುಗುತ್ತದೆ, ಜಿನುಗಲೇಬೇಕು. ಜೀವಕೋಶಗಳ ಸುತ್ತಲಿನ ತೇವ ಬರುವುದು ಅಲ್ಲಿಂದಲೇ. ಹೀಗೆ ಹೊರಬಂದದ್ದರಲ್ಲಿ ದಿನಕ್ಕೆ ಸುಮಾರು 3 ಲೀಟರಿನಷ್ಟು ದ್ರವವನ್ನು, ಅದರೊಂದಿಗೆ ಜಾರಿಬಂದ ಆಲ್ಬುಮಿನ್‌ನಂಥ ಪ್ರೋಟೀನುಗಳನ್ನು, ದುಗ್ಧನಾಳಗಳು ಹೀರಿಕೊಂಡು, ದುಗ್ಧಗ್ರಂಥಿಗಳಲ್ಲಿ ಸೋಸಿ, ಕೊರಳ ಬುಡದ ದೊಡ್ಡ ಅಭಿಧಮನಿಗಳಿಗೆ ಮರಳಿಸುತ್ತವೆ. ರಕ್ತದ ದ್ರವಭಾಗವಾದ ಪ್ಲಾಸ್ಮಾ ಒಟ್ಟು ಅಷ್ಟೇ, ಸುಮಾರು 3 ಲೀಟರ್. ಆದುದರಿಂದ ಈ ದಾರಿ ಇಲ್ಲದಿದ್ದರೆ ಹೃದಯಕ್ಕೆ ತಳ್ಳಲು ರಕ್ತವೇ ಸಾಲದಾದೀತು.

ಅಂದ ಹಾಗೆ, ‘ದುಗ್ಧ’ ಎಂಬ ಹೆಸರು ಒಪ್ಪುವುದು ಕರುಳಿನ ನಾಳಗಳಿಗೆ ಮಾತ್ರ. ಊಟದ ಜಿಡ್ಡು ಆ ದಾರಿಯಲ್ಲೇ ರಕ್ತಕ್ಕೆ ಸೇರುವುದರಿಂದ ಅಲ್ಲಿಯ ರಸ ಹಾಲಿನಂತೆ ಬೆಳ್ಳಗಿರುತ್ತದೆ. ಇಟಲಿಯ ಗಾಸ್ಪಾರೆ ಅಸೆಲ್ಲಿ 1622ರಲ್ಲಿ, ಆಗಷ್ಟೇ ಉಂಡಿದ್ದ ನಾಯಿಯ ಕರುಳಿನಲ್ಲಿ ಈ ಬಿಳಿಯ ಎಳೆಗಳನ್ನು ಕಂಡನು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ರಕ್ತಪರಿಚಲನೆಯ ಕುರಿತ ತನ್ನ ಕೃತಿಯನ್ನು ಪ್ರಕಟಿಸಿದ್ದು ಅದಾದ ಆರು ವರ್ಷಕ್ಕೆ. ಕೈಯಲ್ಲಿ ಹರಿಯುವ ದುಗ್ಧರಸ ತಿಳಿಯಾದ ನೀರಿನಂತಿರುತ್ತದೆ.

ನಾಲೆಯ ಬಯಲಿನವರಾದ ನಿಮಗೆ ಬಸಿಗಾಲುವೆ ಗೊತ್ತಿದೆ. ತೂಬಿನಲ್ಲಿ ನೀರು ಸರಿಯಾಗಿ ಬರುತ್ತಿದ್ದರೂ ಬಸಿಗಾಲುವೆ ಹೂತುಹೋದರೆ ಗದ್ದೆ ಜೌಗಾಗುತ್ತದೆ. ನಿಮ್ಮ ಅತ್ತೆಯವರ ಕೈಗೆ ಆಗಿರುವುದೂ ಅದೇ: ಹೃದಯ ರಕ್ತವನ್ನು ಕಳುಹಿಸುತ್ತಿದೆ, ಆದರೆ ಕಂಕುಳಿನಲ್ಲಿ ಹಾದುಹೋಗುತ್ತಿದ್ದ ಬಸಿಯುವ ದಾರಿ ಗ್ರಂಥಿಗಳೊಂದಿಗೆ ಕಡಿದುಹೋಗಿದೆ. ಗದ್ದೆಯ ನೀರಾದರೆ ಇಳಿಜಾರಿಗೆ ತಾನಾಗಿ ಹರಿದೀತು; ದುಗ್ಧರಸಕ್ಕೆ ಆ ಅನುಕೂಲವಿಲ್ಲ, ಹೃದಯದಂಥ ಪಂಪೂ ಇಲ್ಲ. ನಾಳದ ಗೋಡೆಯ ಹಿಂಡುವಿಕೆ, ಸ್ನಾಯುಗಳ ಚಲನೆ ಮತ್ತು ಉಸಿರಾಟದ ಬಲದಿಂದ ಅದು ಒಂದೊಂದೇ ಕವಾಟವನ್ನು ದಾಟಿ ಮುಂದೆ ಸಾಗಬೇಕು.

ಹೃದಯ ಸೋತಾಗಿನ ಊತ ಸಾಮಾನ್ಯವಾಗಿ ಎರಡೂ ಪಾದಗಳಲ್ಲಿ ಕಾಣುತ್ತದೆ. ಮೊಣಕಾಲಿನ ಕೆಳಗಿನ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳನ್ನು ಒತ್ತಿ ತೆಗೆದರೆ ಗುಳಿ ಸ್ವಲ್ಪ ಹೊತ್ತು ಹಾಗೆಯೇ ಉಳಿಯುತ್ತದೆ. ದುಗ್ಧನಾಳದ ಊತದಲ್ಲೂ ಮೊದಮೊದಲು ಗುಳಿ ಬೀಳುತ್ತದೆಯಾದರೂ, ಅಲ್ಲಿಯೇ ನಿಂತ ಪ್ರೋಟೀನಿನಿಂದಾಗಿ ಕ್ರಮೇಣ ಚರ್ಮ ಗಡುಸಾಗಿ, ಬೆರಳಿನ ಬುಡದ ಚರ್ಮವನ್ನು ಚಿವುಟಿ ಎತ್ತಲು ಬರದಂತಾಗುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಗಳಿಂದ ಹೃದಯದ ಊತ ಇಳಿಯುವಂತೆ ಇದು ಇಳಿಯದು; ನೀರು ಹೋದರೂ ಪ್ರೋಟೀನು ಹೋಗುವುದಿಲ್ಲ. ಇದರಲ್ಲಿ ಪರಿಣತಿಯಿರುವ ಫಿಸಿಯೋಥೆರಪಿ ತಜ್ಞರಿಂದ ಒತ್ತುಪಟ್ಟಿ ಕಟ್ಟಿಸಿ, ಕೈಯ ವ್ಯಾಯಾಮವನ್ನು ಕಲಿಸಿ.

ಊತ ಹೊಸದಾದ್ದರಿಂದ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೂ ಒಮ್ಮೆ ತೋರಿಸಿ. ಸೋಸುವ ಗ್ರಂಥಿಗಳಿಲ್ಲದ ಕೈಗೆ ಸೋಂಕು ಬೇಗ ತಗಲುತ್ತದೆ. ಹುಲ್ಲು ಕೊಯ್ಯುವಾಗ ಕುಡುಗೋಲು ಗೀರಿದರೂ ಅಲಕ್ಷಿಸದೆ ತೊಳೆದು ಔಷಧ ಹಚ್ಚಬೇಕು, ಕೈ ಕೆಂಪಾಗಿ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.