ಪ್ಯಾಸೇಜಿನಲ್ಲಿ ಮಲಗುವ ತಮ್ಮ

(ಬಸವೇಶ್ವರನಗರದ ಶಿಕ್ಷಕಿಯೊಬ್ಬರು ದೀಪಾವಳಿ ಕಳೆದ ಮೇಲೆ ಬರೆದ ಪತ್ರ ಇದು. ಹೆಸರು ಬೇಡ ಎಂದಿದ್ದಾರೆ. ನಾಲ್ಕು ಪುಟದಲ್ಲಿ ಮುಖ್ಯವಾದದ್ದಷ್ಟನ್ನು ಕೊಟ್ಟಿದ್ದೇನೆ.

"ನನ್ನ ತಮ್ಮ ಉಕ್ರೇನಿನ ಖಾರ್ಕಿವ್‌ನಲ್ಲಿ ಮೆಡಿಕಲ್ ಮೂರನೇ ವರ್ಷ ಓದುತ್ತಿದ್ದ. 2022ರಲ್ಲಿ ಯುದ್ಧ ಶುರುವಾಗಿ ಹತ್ತು ಹನ್ನೆರಡು ದಿನಕ್ಕೆ ಮನೆಗೆ ಬಂದ. ಏರ್‌ಪೋರ್ಟಿನಲ್ಲಿ ಹಾರ ಹಾಕಿಸಿ ಫೋಟೋ ತೆಗೆದವರಲ್ಲಿ ನಿಮ್ಮ ಪತ್ರಿಕೆಯವರೂ ಇದ್ದರು. ಆಮೇಲೆ ಯಾರೂ ಈ ಕಡೆ ತಲೆ ಹಾಕಲಿಲ್ಲ. ಜಾರ್ಜಿಯಾದಲ್ಲಿ ಓದು ಮುಗಿಸಿ ಈ ವರ್ಷ ಬಂದಿದ್ದಾನೆ. ವಿದೇಶದಲ್ಲಿ ಮೆಡಿಕಲ್ ಓದಿದವರು ಇಲ್ಲಿ ಪಾಸಾಗಬೇಕಾದ ಎಫ್‌ಎಂಜಿಇ ಪರೀಕ್ಷೆಗೆ ಕೂತರೆ ತಲೆಗೆ ಹತ್ತಲ್ಲ ಅನ್ನುತ್ತಾನೆ. ರೂಮಿದ್ದರೂ ಹಾಲ್‌ಗೂ ಬಾತ್‌ರೂಮಿಗೂ ನಡುವಿನ ಪ್ಯಾಸೇಜಿನಲ್ಲಿ ಚಾಪೆ ಹಾಕಿ ಮಲಗುತ್ತಾನೆ. ದರ್ಶಿನಿಯಲ್ಲಿ ಕ್ಯೂ ಕಂಡರೆ ತಿನ್ನದೆ ವಾಪಸ್. ಒಮ್ಮೊಮ್ಮೆ ಮೆಜೆಸ್ಟಿಕ್ ಮೆಟ್ರೋ ಸ್ಟೇಷನ್‌ಗೆ ಇಳಿದು ಸುಮ್ನೆ ಕೂತು ಬರುತ್ತಾನೆ. ದೀಪಾವಳಿಯ ಮೂರೂ ದಿನ ಆ ಪ್ಯಾಸೇಜ್ ಬಿಟ್ಟು ಏಳಲಿಲ್ಲ. ಅಮ್ಮ 'ಜೀವ ಉಳಿಸಿಕೊಂಡು ಬಂದಿದ್ದಾನಲ್ಲ, ಇನ್ನೇನು ಬೇಕು' ಅನ್ನುತ್ತಾರೆ. ಅಪ್ಪ ಮದುವೆ ಮಾಡಿದರೆ ಸರಿಹೋಗುತ್ತಾನೆ ಅನ್ನುತ್ತಾರೆ. ನಾನು 'ಎಲ್ಲ ಹೇಳಿಕೊಂಡು ಅತ್ತುಬಿಡು' ಅಂದೆ. ಎದ್ದು ಹೋದ. ಅವನು ಮೊದಲಿನ ಹಾಗೆ ಆಗುತ್ತಾನಾ?")

ನಮಸ್ಕಾರ ಮೇಡಂ,

ಮೊದಲು ಆ ಫೋಟೋ ವಿಷಯ. ನೀವು ಹೇಳಿದ್ದು ನಿಜ. ಹಳೆಯ ಸಂಚಿಕೆ ತೆಗೆಸಿ ನೋಡಿದೆ. 2022ರ ಮಾರ್ಚ್, ಅರ್ಧ ಪುಟದ ಫೋಟೋ, ಮೇಲೆ 'ಸಾವಿನ ಬಾಯಿಂದ ಮನೆ ಬಾಗಿಲಿಗೆ' ಅಂತ ತಲೆಬರಹ. ಆ ಪುಟ ಸಿದ್ಧಪಡಿಸಿದ್ದು ನಾನೇ. ತಲೆಬರಹ ಕೊಟ್ಟವನೂ ನಾನೇ. ಮನೆ ಬಾಗಿಲು ದಾಟಿದ ಮೇಲೆ ಏನಾಯಿತು ಎಂದು ಕೇಳಲು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಮುಂದಿನ ವರ್ಷ ಸುಡಾನಿನಿಂದ ನಮ್ಮ ಹಕ್ಕಿಪಿಕ್ಕಿ ಬುಡಕಟ್ಟಿನ ಜನ ವಾಪಸ್ ಬಂದಾಗಲೂ ನಾವು ಅದನ್ನೇ ಮಾಡಿದೆವು. ಗಿಡಮೂಲಿಕೆ ಎಣ್ಣೆ ಮಾರಲು ಹೋಗಿ ಅಲ್-ಫಾಶಿರ್ ಊರಲ್ಲಿ ಗುಂಡಿನ ನಡುವೆ ಸಿಕ್ಕಿಕೊಂಡಿದ್ದವರು ಅವರು. ಬಂದ ದಿನ ಸುದ್ದಿ ಮಾಡಿದೆವು, ಮರುದಿನದಿಂದ ಮರೆತೆವು. ಈ ಉತ್ತರ ಉದ್ದ ಆಗುತ್ತಿರುವುದಕ್ಕೆ ಆ ಬಾಕಿಯೂ ಒಂದು ಕಾರಣ.

ಇನ್ನು ನಿಮ್ಮ ಪ್ಯಾಸೇಜ್. ಆ ಸಾಲು ಓದಿ ನನಗೆ ಥಟ್ಟನೆ ಹೊಳೆದದ್ದು ಉಕ್ರೇನಿನಲ್ಲಿ ಮಕ್ಕಳಿಗೂ ಗೊತ್ತಿರುವ ಒಂದು ಮಾತು: 'ಎರಡು ಗೋಡೆಯ ನಿಯಮ'. ಸೈರನ್ ಕೂಗಿದಾಗ ನೆಲಮಾಳಿಗೆಗೆ ಓಡಲು ಸಮಯ ಇಲ್ಲದಿದ್ದರೆ, ನಿಮಗೂ ಹೊರಗಿನ ಬಯಲಿಗೂ ಮಧ್ಯೆ ಎರಡು ಗೋಡೆ ಇರುವ ಕಡೆ ಕೂರಬೇಕು. ಸ್ಫೋಟದ ಹೊಡೆತವನ್ನು ಮೊದಲ ಗೋಡೆ ತಿನ್ನುತ್ತದೆ. ಅದನ್ನು ಸೀಳಿಕೊಂಡು ಬರುವ ಚೂರು, ಗಾಜು ಎರಡನೆಯದಕ್ಕೆ. ಕಿಟಕಿ ಇರಬಾರದು. ಫ್ಲ್ಯಾಟಿನಲ್ಲಿ ಅಂಥ ಜಾಗ ಅಂದರೆ ಸಾಮಾನ್ಯವಾಗಿ ಪ್ಯಾಸೇಜು ಅಥವಾ ಬಾತ್‌ರೂಮು. ನಿಮ್ಮ ತಮ್ಮ ನಿಮ್ಮ ಮನೆಯನ್ನು ಅಳೆದು ನೋಡಿ, ಇರುವುದರಲ್ಲೇ ಸರಿಯಾದ ಜಾಗ ಹುಡುಕಿದ್ದಾರೆ. ಇಂಜಿನಿಯರ್ ಬಂದು ನೋಡಿದರೂ ಅದನ್ನೇ ತೋರಿಸುತ್ತಿದ್ದರು.

ಮೆಟ್ರೋ ಸ್ಟೇಷನ್ನೂ ಹಾಗೇ ಇರಬಹುದು. ಖಾರ್ಕಿವ್ ರಷ್ಯಾ ಗಡಿಗೆ ತೀರಾ ಹತ್ತಿರ, ಮೆಜೆಸ್ಟಿಕ್‌ನಿಂದ ಬಿಡದಿಗೆ ಇರುವಷ್ಟು ದೂರ ಅನ್ನಿ. ಫೆಬ್ರವರಿ 24ರ ಬೆಳಗ್ಗೆಯಿಂದಲೇ ಶೆಲ್ ಬೀಳತೊಡಗಿದವು. ಅಲ್ಲಿನ ಮೆಟ್ರೋ ರೈಲು ನಿಲ್ಲಿಸಿ ಸ್ಟೇಷನ್‌ಗಳನ್ನೇ ಜನರಿಗೆ ಬಿಟ್ಟುಕೊಟ್ಟರು. ರೈಲು ಮತ್ತೆ ಓಡಿದ್ದು ಮೇ 24ಕ್ಕೆ, ಸರಿಯಾಗಿ ಮೂರು ತಿಂಗಳಿಗೆ. ಅಷ್ಟು ದಿನ ಸಾವಿರಾರು ಜನಕ್ಕೆ ಪ್ಲಾಟ್‌ಫಾರ್ಮೇ ಮನೆ. ನಮ್ಮ ಹುಡುಗರಲ್ಲೂ ಎಷ್ಟೋ ಮಂದಿ ಅಲ್ಲೇ ಬಿಸ್ಕತ್ತು ತಿಂದು ಮಲಗಿದವರು. ಮೆಜೆಸ್ಟಿಕ್‌ನಲ್ಲಿ ನಮಗೆ ನೂಕುನುಗ್ಗಲು ಮಾತ್ರ ಕಾಣುತ್ತದೆ. ನಿಮ್ಮ ತಮ್ಮನಿಗೆ ತಲೆ ಮೇಲೆ ಎಷ್ಟು ಮಣ್ಣಿದೆ ಅನ್ನುವ ಲೆಕ್ಕ ನೆಮ್ಮದಿ ಕೊಡುತ್ತಿರಬಹುದು. ಇದು ನನ್ನ ಊಹೆ, ಅವರನ್ನೇ ಕೇಳಿ. ಕೇಳುವಾಗ 'ಯಾಕೆ ಹುಚ್ಚನ ಹಾಗೆ' ಅನ್ನುವ ದನಿ ಮಾತ್ರ ಬೇಡ.

ಕ್ಯೂ ವಿಷಯಕ್ಕೆ ಊಹೆ ಅಷ್ಟು ಕಷ್ಟ ಇಲ್ಲ. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ತೀರಿಕೊಂಡದ್ದು ಊಟದ ಸಾಮಾನು ತರಲು ಹೊರಗೆ ಹೋದಾಗ, ಅಂಗಡಿ ಮುಂದೆ ಕ್ಯೂ ನಿಂತಿದ್ದ ಎಂದೇ ಸುದ್ದಿ ಬಂದಿತ್ತು. ಅದೇ ಬೆಳಗ್ಗೆ ಊರಿನ ದೊಡ್ಡ ಚೌಕದ ಸರ್ಕಾರಿ ಕಟ್ಟಡಕ್ಕೆ ಕ್ಷಿಪಣಿ ಬಿದ್ದಿತ್ತು. ಆ ಹುಡುಗನ ದೇಹ ಬೆಂಗಳೂರಿಗೆ ಬಂದದ್ದು ಮಾರ್ಚ್ 21ಕ್ಕೆ. ಮನೆಯವರು ಅದನ್ನು ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟರು. ಡಾಕ್ಟರ್ ಆಗಲು ಹೋದ ಮಗ. ಇದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ಆ ಊರಲ್ಲಿ ಆ ವಾರ ಬ್ರೆಡ್ಡಿಗೆ, ನೀರಿಗೆ ಹೊರಗೆ ಹೋದವರೆಲ್ಲರ ಮನಸ್ಸಿನಲ್ಲೂ 'ಅದು ನಾನೂ ಆಗಬಹುದಿತ್ತು' ಅನ್ನುವುದು ಉಳಿದುಹೋಗಿದೆ. ಮರುದಿನ ನಮ್ಮ ರಾಯಭಾರ ಕಚೇರಿಯಿಂದ ಸೂಚನೆ ಬಂತು: ಸಂಜೆ 6ರೊಳಗೆ ಖಾರ್ಕಿವ್ ಬಿಡಿ, ವಾಹನ ಸಿಗದಿದ್ದರೆ ನಡೆದಾದರೂ ಹೋಗಿ. ಹತ್ತಿರದ ಊರು ಪಿಸೋಚಿನ್, ರೈಲ್ವೆ ಸ್ಟೇಷನ್‌ನಿಂದ 11 ಕಿ.ಮೀ. ಮೈ ಕೊರೆಯುವ ಚಳಿಯಲ್ಲಿ, ಬೆನ್ನ ಹಿಂದೆ ಶೆಲ್ ಸದ್ದು ಕೇಳುತ್ತಾ ನಡೆದ 11 ಕಿ.ಮೀ. ನಮ್ಮವರನ್ನು ಕರೆತರಲು ಸರ್ಕಾರ ಕಳಿಸಿದ 'ಆಪರೇಷನ್ ಗಂಗಾ' ವಿಮಾನ ಹತ್ತುವ ಮೊದಲು ಇಷ್ಟೆಲ್ಲ ಇತ್ತು. ನಾವು ಕ್ಯಾಮೆರಾ ಹಿಡಿದದ್ದು ವಿಮಾನ ಇಳಿದ ಮೇಲೆ.

ನನ್ನ ಸೋದರಮಾವನ ಕತೆ ಒಂದು ಹೇಳಬೇಕು. ಕುಂದಾಪುರ ಕಡೆಯವರು, ಕುವೈತ್‌ನಲ್ಲಿ ಒಂದು ಗೋದಾಮಿನ ಲೆಕ್ಕ ಬರೆಯುತ್ತಿದ್ದರು. 1990ರ ಆಗಸ್ಟ್ 2ರಂದು ಇರಾಕ್ ಸೈನ್ಯ ನುಗ್ಗಿತು. ಮಾವ ಬಾಗ್ದಾದ್ ದಾಟಿ, ಜೋರ್ಡಾನ್ ಗಡಿಯ ಮರಳಲ್ಲಿ ಟೆಂಟಿನಲ್ಲಿದ್ದು, ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ ಹತ್ತಿ ಮುಂಬೈಗೆ ಬಂದರು. ಆ ಎರಡು ತಿಂಗಳಲ್ಲಿ ಹಾಗೆ ಬಂದವರು 1 ಲಕ್ಷ 70 ಸಾವಿರಕ್ಕೂ ಜಾಸ್ತಿ. ಆಮೇಲೆ ಹನುಮಂತನಗರದ ನಮ್ಮ ಮನೆಯಲ್ಲೇ ಒಂದೂವರೆ ವರ್ಷ ಇದ್ದರು. ರಾತ್ರಿ ಮಲಗುವಾಗ ಮಂಚದ ಪಕ್ಕ ಬೂಟು ಜೋಡಿಸಿಡುತ್ತಿದ್ದರು, ಮೂತಿ ಬಾಗಿಲ ಕಡೆಗೆ. ಎಡಗಾಲಿನ ಬೂಟಿನೊಳಗೆ ಕಾಲುಚೀಲ, ಕಾಲುಚೀಲದೊಳಗೆ ಪಾಸ್‌ಪೋರ್ಟ್. ನನಗೆ ಹನ್ನೊಂದು ವರ್ಷ, ಇದು ಭಾರಿ ತಮಾಷೆ. ಒಂದು ರಾತ್ರಿ ಎಡಗಾಲಿನದನ್ನು ಎತ್ತಿ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ. ಮಧ್ಯರಾತ್ರಿ ಕರೆಂಟ್ ಹೋಯಿತು. ಫ್ಯಾನ್ ನಿಂತದ್ದಕ್ಕೆ ಎಚ್ಚರ ಆಗಿರಬೇಕು, ನೆಲ ತಡಕುವ ಸದ್ದು ಕೇಳಿಸಿತು. ತುಂಬಾ ಹೊತ್ತು ತಡಕಿದರು. ನಾನು ಹೊದಿಕೆಯೊಳಗೆ ನಗುತ್ತಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಮಾವ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಾರೆ. ಬಲಗಾಲಿಗೆ ಬೂಟು, ಲಾಡಿ ಕಟ್ಟಿದೆ. ಎಡಗಾಲು ಬರಿದು. ಇಡೀ ರಾತ್ರಿ ಹಾಗೇ ಕೂತಿದ್ದರು. ನಾನು ಬೂಟು ತಂದುಕೊಟ್ಟೆ. ಬೈಯಲಿಲ್ಲ. "ಮಾಣಿ, ಅದೊಂದ್ ಮುಟ್ಬೇಡ ಮಾರಾಯಾ" ಅಂದರು, ಅಷ್ಟೇ.

ನಮ್ಮ ಮನೆಯಲ್ಲೂ 'ಬದುಕಿ ಬಂದಿದ್ದಾನಲ್ಲ' ಎನ್ನುವ ಮಾತು ದಿನಕ್ಕೆ ಹತ್ತು ಸಲ ಬರುತ್ತಿತ್ತು. ನಿಮ್ಮ ಅಮ್ಮನ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಆ ಮಾತು ಕೇಳಿದವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಬದುಕಿ ಬಂದವನು ಇನ್ನು ದೂರು ಹೇಳುವುದಾದರೂ ಹೇಗೆ, ಅಲ್ವಾ? ಸತ್ತವರ ಎದುರು ಅವನ ನಿದ್ದೆಯ ಕಷ್ಟ ಯಾವ ಲೆಕ್ಕ? ಅಮ್ಮನಿಗೆ ನಿಧಾನವಾಗಿ ಹೇಳಿ ಆ ಒಂದು ಮಾತು ನಿಲ್ಲಿಸಲು ಸಾಧ್ಯವಾ ನೋಡಿ.

'ಎಲ್ಲ ಹೇಳಿಕೊಂಡು ಅತ್ತುಬಿಡು' ಅಂದಿರಲ್ಲ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ತಜ್ಞರೂ ಒಂದು ಕಾಲಕ್ಕೆ ಅದನ್ನೇ ಮಾಡುತ್ತಿದ್ದರು. 1980ರ ದಶಕದಿಂದ ಎಷ್ಟೋ ವರ್ಷ, ದುರಂತ ಆದ ಕೆಲವೇ ದಿನದಲ್ಲಿ ಜನರನ್ನು ಕೂರಿಸಿ ಕಂಡದ್ದೆಲ್ಲ ಹೇಳಿಸುವ ಪದ್ಧತಿ ಇತ್ತು. ಆಮೇಲೆ ಪರೀಕ್ಷಿಸಿ ನೋಡಿದಾಗ ಅದರಿಂದ ಉಪಯೋಗ ಕಾಣಲಿಲ್ಲ, ಕೆಲವರಿಗೆ ತೊಂದರೆ ಜಾಸ್ತಿಯೇ ಆಗಿತ್ತು. ಹಾಗಂತ ಬಾಯೇ ಬಿಡಬಾರದು ಅಂತಲೂ ಇಲ್ಲ. ಅವರಾಗಿ ಹೇಳಿದಾಗ ಕೇಳಿ. ಪಾತ್ರೆ ತೊಳೆಯುವಾಗ, ಸ್ಕೂಟರಿನಲ್ಲಿ ಹಿಂದೆ ಕೂತಾಗ, ಮುಖ ನೋಡಬೇಕಾಗಿಲ್ಲದ ಹೊತ್ತಲ್ಲಿ ಇಂಥ ಮಾತು ಬರುತ್ತದೆ. ಮಾವ ಒಮ್ಮೆ ಹಲಸಿನ ಹಣ್ಣು ಬಿಡಿಸುತ್ತಾ, ಕೈಯೆಲ್ಲ ಅಂಟಾಗಿದ್ದಾಗ, ಮರಳಲ್ಲಿ ನೀರಿನ ಲಾರಿಯ ಹಿಂದೆ ಓಡಿದ್ದು ಹೇಳಿದ್ದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಇನ್ನು ಡಾಕ್ಟರ್. ನಾನು ಡಾಕ್ಟರ್ ಅಲ್ಲ, ನಿಮ್ಮ ತಮ್ಮನಿಗೆ ಇಂಥದ್ದೇ ಕಾಯಿಲೆ ಅಂತ ಹೇಳುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಇದನ್ನು 'ಶೆಲ್ ಶಾಕ್' ಅನ್ನುತ್ತಿದ್ದರು. ಇವತ್ತಿನ ಹೆಸರು ಪಿಟಿಎಸ್‌ಡಿ, ವಿಯೆಟ್ನಾಂ ಯುದ್ಧದಿಂದ ಬಂದವರ ಪಾಡು ನೋಡಿದ ಮೇಲೆ 1980ರಲ್ಲಿ ವೈದ್ಯಶಾಸ್ತ್ರದ ಪಟ್ಟಿಗೆ ಸೇರಿತು. ಆಗಿಹೋದದ್ದು ಈಗಲೇ ನಡೆಯುತ್ತಿದೆ ಅನ್ನುವಂತೆ ಮತ್ತೆ ಮತ್ತೆ ಎದುರಿಗೆ ಬರುವುದು, ಅದನ್ನು ನೆನಪಿಸುವ ಜಾಗ-ಜನರಿಂದ ತಪ್ಪಿಸಿಕೊಳ್ಳುವುದು, ಸದಾ ಅಪಾಯ ಇದೆ ಅಂತ ಮೈ ಬಿಗಿಹಿಡಿದಿರುವುದು, ಡಾಕ್ಟರ್‌ಗಳು ನೋಡುವುದು ಮುಖ್ಯವಾಗಿ ಇವನ್ನು. ಯುದ್ಧ ಕಂಡವರಿಗೆಲ್ಲ ಇದು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ, ಯುದ್ಧ-ಸಂಘರ್ಷದ ನಡುವೆ ಬದುಕಿದವರಲ್ಲಿ ಖಿನ್ನತೆ, ಆತಂಕ, ಪಿಟಿಎಸ್‌ಡಿ ಎಲ್ಲ ಸೇರಿ ಯಾವುದಾದರೊಂದು ಮಾನಸಿಕ ತೊಂದರೆ ಇರುವುದು ಸುಮಾರು ಐವರಲ್ಲಿ ಒಬ್ಬರಿಗೆ. ಆದರೆ ಇಷ್ಟು ವರ್ಷವಾದರೂ ನಿದ್ದೆ ಇಲ್ಲ, ಓದು ಹತ್ತುತ್ತಿಲ್ಲ, ಹೊರಗೆ ಹೋಗಿ ತಿಂಡಿ ತಿನ್ನಲೂ ಆಗುತ್ತಿಲ್ಲ ಅಂದರೆ ತೋರಿಸಲೇಬೇಕು. ಇದಕ್ಕೆ ಚಿಕಿತ್ಸೆ ಇದೆ, ಕೆಲಸವನ್ನೂ ಮಾಡುತ್ತದೆ. ಟ್ರಾಮಾ ಫೋಕಸ್ಡ್ ಸಿಬಿಟಿ, ಇಎಂಡಿಆರ್ ಅಂತ ಪದ್ಧತಿಗಳಿವೆ. ತರಬೇತಾದವರ ಜತೆ ವಾರಕ್ಕೊಮ್ಮೆ ಕೂತು, ಆ ನೆನಪನ್ನು ಒಂದು ಹದದಲ್ಲಿ ಮತ್ತೆ ಮುಟ್ಟುವುದು. ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳ ಲೆಕ್ಕ. ಬೇಕಾದರೆ ಮಾತ್ರೆಯೂ ಕೊಡುತ್ತಾರೆ.

ಮಾತ್ರೆ ಅಂದೆ, ಪತ್ರದ ಕೊನೆಯಲ್ಲಿ ಪಕ್ಕದ ಮನೆಯವರು ಕೊಟ್ಟ ನಿದ್ದೆ ಮಾತ್ರೆಯ ವಿಷಯ ಇದೆ. ಅದನ್ನು ಇವತ್ತೇ ನಿಲ್ಲಿಸಿ ಅಂತ ನಾನು ಹೇಳಲಾರೆ. ತಿಂಗಳುಗಟ್ಟಲೆ ನುಂಗಿದ್ದರೆ ಏಕಾಏಕಿ ಬಿಡುವುದೂ ಅಪಾಯ. ಡಾಕ್ಟರ್‌ಗೆ ತೋರಿಸಿ, ಅವರು ಹೇಳಿದಂತೆ ಇಳಿಸಿ. ಆಲ್‌ಪ್ರಜೋಲಾಂ ತರದ ಮಾತ್ರೆ ಒಂದು ರಾತ್ರಿ ಕಳೆಸುತ್ತದೆ, ಈ ತೊಂದರೆಯನ್ನು ವಾಸಿ ಮಾಡುವುದಿಲ್ಲ, ಚಟ ಹತ್ತಿಸುವುದು ಬೇರೆ.

ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿದ್ದುಕೊಂಡು ಈ ಪ್ರಶ್ನೆ ಕೇಳುವುದು ಸಾಗರ ತೀರದಲ್ಲಿ ಕೂತು ಉಪ್ಪಿಗೆ ಪರದಾಡಿದ ಹಾಗೆ. ಆದರೆ ಯಾಕೆ ಕೇಳುತ್ತಿದ್ದೀರಿ ಅಂತಲೂ ಗೊತ್ತು. ನಮ್ಮೂರಲ್ಲಿ ಜಗಳ ಆಡುವಾಗ 'ನಿಮ್ಹಾನ್ಸ್‌ಗೆ ಸೇರಿಸ್ತೀನಿ' ಅಂತ ಬೈದು ಬೈದು, ದೇಶದ ಬೇರೆ ಬೇರೆ ಕಡೆಯಿಂದ ಜನ ಹುಡುಕಿಕೊಂಡು ಬರುವ ಆಸ್ಪತ್ರೆಯ ಹೆಸರನ್ನು ಬೈಗುಳ ಮಾಡಿಟ್ಟಿದ್ದೇವೆ. ಹೊಸೂರು ರಸ್ತೆಯ ಆ ಗೇಟು ದಾಟಲು ನಿಮ್ಮ ತಮ್ಮನಿಗೆ ಮುಜುಗರ ಆದರೆ, ಬಿಟಿಎಂ ಲೇಔಟ್‌ನಲ್ಲಿ ಅವರದ್ದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ. ಅದೂ ಬೇಡ ಅಂದರೆ ಫೋನ್ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಫೋನ್ ನೀವೇ ಮಾಡಿ. ಇಂಥವರ ಜತೆ ಇರುವವರೂ ಸುಸ್ತಾಗಿರುತ್ತಾರೆ. ನಿಮ್ಮ ನಾಲ್ಕು ಪುಟದಲ್ಲಿ ನಿಮ್ಮ ಬಗ್ಗೆ ಒಂದೇ ಒಂದು ಸಾಲಿಲ್ಲ. ತಮ್ಮ ಯಾವತ್ತಾದರೂ 'ನಾನು ಇರಬಾರದಿತ್ತು' ಅನ್ನುವ ತರ ಮಾತಾಡಿದರೆ ಮಾತ್ರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅಲ್ಲಿಯವರೆಗೆ ಪ್ಯಾಸೇಜಿನಲ್ಲೇ ಮಲಗಲಿ. ಚಾಪೆ ತೆಗೆದು ಒಂದು ಒಳ್ಳೆ ಹಾಸಿಗೆ ಹಾಕಿಕೊಡಿ. ಸದ್ದಿನ ಬಗ್ಗೆ ಮೊದಲೇ ಹೇಳಿಡಿ. ಪಟಾಕಿಗೆ ಸರ್ಕಾರ ರಾತ್ರಿ 8ರಿಂದ 10 ಅಂತ ಸಮಯ ಇಟ್ಟಿದೆ. ನಮ್ಮ ಬೀದಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ, ನಿಮ್ಮಲ್ಲೂ ಹಾಗೇ ಇರಬೇಕು. ಮುಂದಿನ ಸಲ ಹಬ್ಬಕ್ಕೆ ಊರ ಕಡೆ ಹೋಗಬಹುದು. ಅವರು ಒಪ್ಪಿದರೆ ಮಾತ್ರ. ಯಲಹಂಕದ ಏರ್ ಶೋ ಹತ್ತಿರ ಬಂದಾಗ ತಾಲೀಮಿನ ವಿಮಾನ ಯಾವತ್ತು ಹಾರುತ್ತದೆ ಅಂತ ಹೇಳಿಡಿ. ಟ್ರಾನ್ಸ್‌ಫಾರ್ಮರ್ ಢಂ ಅನ್ನುವುದು ಬೆಸ್ಕಾಂನವರಿಗೇ ಮೊದಲು ಗೊತ್ತಿರುವುದಿಲ್ಲ, ಅದಕ್ಕೇನೂ ಮಾಡಲಾಗದು. ಇದೆಲ್ಲ ಅತಿಯಾಯಿತು ಅಂತ ಅಪ್ಪ ಅಂದರೆ, 2020ರ ಮೇ 20 ನೆನಪಿಸಿ. ಮಧ್ಯಾಹ್ನ ಆಕಾಶದಲ್ಲಿ ಒಂದೇ ಒಂದು ದೊಡ್ಡ ಸದ್ದು. ವಾಯುಪಡೆಯ ಪರೀಕ್ಷಾ ವಿಮಾನದ್ದು ಅಂತ ಗೊತ್ತಾಗುವವರೆಗೆ ಇಡೀ ಬೆಂಗಳೂರು ಭೂಕಂಪ ಅಂದಿತು, ಇನ್ನೇನೋ ಸ್ಫೋಟ ಅಂದಿತು. ನಾನೂ ಟೆರೇಸಿಗೆ ಓಡಿದವನೇ. ನಮಗೆ ಆವತ್ತು ಒಂದು ಸದ್ದು. ಅವರಿಗೆ ಅಂಥ ಹಗಲು ರಾತ್ರಿ ಎಷ್ಟೋ.

ಮದುವೆ ವಿಷಯದಲ್ಲಿ ನಾನು ಅಪ್ಪನ ಕಡೆ ಇಲ್ಲ. ಮದುವೆ ಔಷಧಿ ಅಲ್ಲ, ಬರುವ ಹುಡುಗಿ ನರ್ಸೂ ಅಲ್ಲ. ಅವರಿಗೇ ಬೇಕು ಅನ್ನಿಸಿದಾಗ ಆಗಲಿ, ಆಗ ಹುಡುಗಿಗೆ ಎಲ್ಲ ತಿಳಿದಿರಲಿ. ನನ್ನ ಅತ್ತೆಗೆ ಬೂಟಿನ ವಿಷಯ ಯಾರೂ ಹೇಳಿರಲಿಲ್ಲ. ಮೊದಲ ರಾತ್ರಿ ಮಂಚದ ಪಕ್ಕ ಬೂಟು ನೋಡಿ, ಗಂಡ ಬಿಟ್ಟು ಓಡಿಹೋಗಲು ತಯಾರಾಗಿದ್ದಾನೆ ಅಂದುಕೊಂಡರಂತೆ. ವರ್ಷಗಳಾದ ಮೇಲೆ ನಗುತ್ತಾ ಹೇಳಿದರು, ಆವತ್ತು ಅತ್ತಿದ್ದರಂತೆ.

'ಮೊದಲಿನ ಹಾಗೆ ಆಗುತ್ತಾನಾ' ಅಂತ ಕೇಳಿದ್ದೀರಿ. ಮಾವ ಆಮೇಲೆ ಇಲ್ಲೇ ಬೆಂಗಳೂರಿನ ಶ್ರೀನಗರದಲ್ಲಿ ಸ್ಟೇಷನರಿ ಅಂಗಡಿ ಇಟ್ಟರು. ಇಬ್ಬರು ಹೆಣ್ಣುಮಕ್ಕಳು. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದರು, ಜೋರಾಗಿ ನಗುತ್ತಿದ್ದರು, ಕೊನೆಕೊನೆಗೆ ಗೊರಕೆ ಹೊಡೆದು ನಿದ್ದೆ ಮಾಡುತ್ತಿದ್ದರು. ಅವರು ತೀರಿಕೊಂಡ ದಿನವೂ ಮಂಚದ ಪಕ್ಕ ಬೂಟಿತ್ತು, ಮೂತಿ ಬಾಗಿಲ ಕಡೆಗೆ. ಪಾಸ್‌ಪೋರ್ಟ್ ಮಾತ್ರ ಅದರಲ್ಲಿ ಇರಲಿಲ್ಲ. ಯಾವಾಗಲೋ ತೆಗೆದು ಬೀರುವಿಗೆ ಇಟ್ಟಿದ್ದರು, ಯಾವಾಗ ಅಂತ ಅತ್ತೆಗೂ ಗೊತ್ತಿಲ್ಲ.

ಆ ಫೋಟೋದ ಮೂಲ ಪ್ರತಿ ನನ್ನ ಮೇಜಿನ ಮೇಲಿದೆ. ನಿಮ್ಮ ತಮ್ಮನಿಗೆ ಬೇಕಿದ್ದರೆ ಕಳಿಸುತ್ತೇನೆ. ಬೇಡ, ನಿಮ್ಮಲ್ಲೂ ಇರಬಾರದು ಅಂದರೆ ನಮ್ಮ ಸಂಗ್ರಹದಿಂದ ತೆಗೆಸುತ್ತೇನೆ. ಅವರನ್ನೇ ಕೇಳಿ, ಒಂದು ಸಾಲು ಬರೆದು ತಿಳಿಸಿ. ಅವಸರ ಏನಿಲ್ಲ.

– ಸಂಪಾದಕ