ಕಟ್ಟಡ ಏಳುವ ಮೊದಲೇ ಶಾಲೆ ಇತ್ತು

ಕುಮಟಾದ ಓದುಗರೊಬ್ಬರ ಪತ್ರ: "ಮುಂಬಯಿಯ ಜೆ.ಜೆ. ಕಲಾಶಾಲೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಹೊಟ್ಟೆ ಉರಿಯಿತು. 1862ರಿಂದ 1956ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯೂ ಮುಂಬಯಿ ಆಡಳಿತದಲ್ಲೇ ಇತ್ತು. ಅಂಥದೊಂದು ಕಲ್ಲಿನ ಕಟ್ಟಡ ಕಾರವಾರದಲ್ಲೂ ಎದ್ದಿದ್ದರೆ ನಮ್ಮಲ್ಲೂ ಕಲೆ ಬೆಳೆಯುತ್ತಿರಲಿಲ್ಲವೇ?"

ಮುಂಬಯಿಯಿಂದ ನಮಗೆ ಬರಬೇಕಾದ್ದು ಬರಲಿಲ್ಲ ಎಂಬ ನಿಮ್ಮ ನೋವು ನ್ಯಾಯವಾದದ್ದೇ. ಜಾರ್ಜ್ ಟ್ವಿಗ್ ಮೊಲಿಸಿ ವಿನ್ಯಾಸ ಮಾಡಿದ ಆ ಗಾಥಿಕ್ ಕಟ್ಟಡ ಚೆಂದವೂ ಹೌದು. ಕಲಿಯುವವರಿಗೆ ಗಾಳಿ ಬೆಳಕು ಬೇಕು, ನೆತ್ತಿಯ ಮೇಲೆ ಸೂರು ಬೇಕು. ಅಷ್ಟು ಒಪ್ಪಿದೆ. ಆದರೆ ಕಟ್ಟಡ ಎದ್ದಿದ್ದರೆ ಕಲೆ ಬೆಳೆಯುತ್ತಿತ್ತು ಎಂದಿರಲ್ಲ, ಅದನ್ನು ಒಪ್ಪಲಾರೆ. ಇಸವಿಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡಿ.

ಮುಂಬಯಿಯ ಪಾರ್ಸಿ ವ್ಯಾಪಾರಿ ಜಮ್‌ಶೆಟ್‌ಜೀ ಜೀಜೀಭಾಯ್ ಅವರು ಕೊಟ್ಟ ಒಂದು ಲಕ್ಷ ರೂಪಾಯಿಯಿಂದ ಶಾಲೆ ಶುರುವಾದದ್ದು 1857ರಲ್ಲಿ, ಅದೂ ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯ ಆಸರೆಯಲ್ಲಿ. ಸ್ವಂತ ಕಟ್ಟಡ ಆದದ್ದು 1878ಕ್ಕೆ. ನಡುವಿನ 21 ವರ್ಷ ಅಲ್ಲಿ ಏನೂ ನಡೆಯಲಿಲ್ಲವೇ? ಲಾಕ್‌ವುಡ್ ಕಿಪ್ಲಿಂಗ್ 1865ರಲ್ಲಿ ಶಿಲ್ಪ ಕಲಿಸಲು ಬಂದರು. ಕ್ರಾಫರ್ಡ್ ಮಾರ್ಕೆಟ್ಟಿನ ಬಾಗಿಲ ಮೇಲಿನ ಉಬ್ಬುಶಿಲ್ಪಗಳು ಅವರವು. 1875ರಲ್ಲಿ ಅವರು ಲಾಹೋರಿಗೆ ಹೊರಟೇಹೋದರು. ಇವತ್ತು ಜನ ಅವರ ಹೆಸರು ಹೇಳಿಕೊಂಡು ನೋಡಲು ಹೋಗುವ ಆ ಕಲ್ಲಿನ ಕಟ್ಟಡದಲ್ಲಿ ಅವರು ಒಂದು ದಿನವೂ ಪಾಠ ಮಾಡಿದವರಲ್ಲ! ಅದೇ ಶಾಲೆಯ ಮಾಸ್ತರರಾದ ಜಾನ್ ಗ್ರಿಫಿತ್ಸ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅಜಂತಾದ ಭಿತ್ತಿಚಿತ್ರಗಳ ಪ್ರತಿ ತೆಗೆಯಲು ಹೋದದ್ದು 1872ರಲ್ಲಿ. ಬಾವಲಿ ತುಂಬಿದ ಆ ಗುಹೆಗಳೇ ಆ ಹುಡುಗರ ತರಗತಿ. ಕೈ ಪಳಗಿಸುವ ಗುರು, ಎದುರಿಗೆ ನಿಜವಾದ ಕೆಲಸ, ಇವೆರಡು ಇದ್ದವು, ಶಾಲೆ ನಡೆಯಿತು.

ಆ ಎರಡೂ ನಮ್ಮಲ್ಲಿ ಇದ್ದವು ಎಂಬುದನ್ನು ಕುಮಟಾದಲ್ಲಿ ಕೂತ ನೀವೇ ಮರೆತರೆ ಹೇಗೆ? ಕುಮಟಾ, ಹೊನ್ನಾವರ, ಸಿದ್ದಾಪುರ, ಶಿರಸಿಯಲ್ಲಿ ತಲೆತಲಾಂತರದಿಂದ ಗಂಧದ ಮರ ಕೆತ್ತುವ ಗುಡಿಗಾರರ ಮನೆಗಳಲ್ಲಿ ಮಗು ಉಳಿಯ ಸದ್ದು ಕೇಳುತ್ತಲೇ ಬೆಳೆಯುತ್ತಿತ್ತು. ಮೊದಲು ಬಳ್ಳಿ, ಎಲೆ. ಕೈ ಕುದುರಿದ ಮೇಲೆ ದೇವರ ಮುಖ. ಜಗಲಿಯೇ ಶಾಲೆ, ಅಪ್ಪನೋ ಚಿಕ್ಕಪ್ಪನೋ ಮಾಸ್ತರರು. ಇನ್ನು ಕರಾವಳಿಯ ಕಾವಿ ಕಲೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಚ್ಚಿ, ಅದು ಹಸಿಯಿರುವಾಗಲೇ ಮೊನೆಯಿಂದ ಗೀರಿ ಒಳಗಿನ ಬಿಳಿಯನ್ನು ಹೊರತರಬೇಕು. ತಪ್ಪಿದರೆ ಅಳಿಸುವ ಹಾಗಿಲ್ಲ. ಅಂಥ ಶಿಸ್ತನ್ನು ಯಾವ ಕಟ್ಟಡ ಕಲಿಸೀತು ಹೇಳಿ? ಹೊನ್ನಾವರದ ಕೃಷ್ಣಾನಂದ ಕಾಮತರು ಕಾವಿ ಗೋಡೆಗಳನ್ನು ಹುಡುಕಿಕೊಂಡು ಹೋಗಿ ದಾಖಲಿಸದೇ ಇದ್ದಿದ್ದರೆ ಇಷ್ಟಾದರೂ ನಮಗೆ ಗೊತ್ತಾಗುತ್ತಿರಲಿಲ್ಲ.

ಈಗ ಏನಾಗುತ್ತಿದೆ ನೋಡಿ. ದೇವಸ್ಥಾನದ ಜೀರ್ಣೋದ್ಧಾರ ಎಂದ ಕೂಡಲೇ ಮೊದಲು ಹೋಗುವುದು ಕಾವಿ ಗೋಡೆ. ಕೆರೆದು ತೆಗೆದು ಟೈಲ್ಸ್ ಹಾಕುತ್ತಾರೆ, ಅದಾಗದಿದ್ದರೆ ಮೇಲೆ ಆಯಿಲ್ ಪೇಂಟ್ ಬಳಿಯುತ್ತಾರೆ. ದೇಣಿಗೆ ಕೊಟ್ಟವರ ಹೆಸರು ಗ್ರಾನೈಟಿನಲ್ಲಿ ಹೊಳೆಯುತ್ತದೆ. ಗೋಡೆಯಲ್ಲಿ ದಶಾವತಾರ ಬರೆದವನ ಹೆಸರು ಊರಲ್ಲಿ ಯಾರ ಬಾಯಲ್ಲೂ ಇಲ್ಲ. ಕೆತ್ತುವವನಿಗೆ ಗಂಧದ ಕೊರಡು ಕೊಳ್ಳುವುದೇ ಕಷ್ಟವಾಗಿದೆ, ಮಗನನ್ನು ಬೆಂಗಳೂರಿಗೆ ಕಳಿಸುತ್ತಾನೆ. ಅವನನ್ನು ದೂರುವುದಕ್ಕೆ ನಮಗೆ ಯಾವ ಹಕ್ಕಿದೆ? ನಾವಾದರೋ ಭವನ ಬೇಕು, ಸಭಾಂಗಣ ಬೇಕು ಎಂದು ಮನವಿ ಬರೆಯುತ್ತೇವೆ, ಮಂತ್ರಿಗಳನ್ನು ಕರೆದು ಶಿಲಾನ್ಯಾಸ ಮಾಡಿಸುತ್ತೇವೆ. ಒಳಗೆ ಕಲಿಸುವವರು ಯಾರು, ಅವರ ಸಂಬಳ ಎಲ್ಲಿಂದ ಎಂದು ಆ ಸಭೆಗಳಲ್ಲಿ ಯಾರೂ ಕೇಳುವುದಿಲ್ಲ.

ನಿಮ್ಮ ಅಕ್ಷರದಲ್ಲಿ ಕಾಳಜಿಯಿದೆ, ಅದಕ್ಕೇ ಇಷ್ಟು ಬರೆದೆ. ಇನ್ನೊಂದು ಮನವಿ ಬರೆಯುವುದಿದ್ದರೆ ಮನೆಯ ಹೊರಗಿನ ಮಕ್ಕಳಿಗೂ ಉಳಿ ಹಿಡಿಯಲು ಕಲಿಸುವ ಗುಡಿಗಾರರಿಗೆ ತಿಂಗಳ ಗೌರವಧನ ಕೊಡಿ ಎಂದು ಬರೆಯಿರಿ. ನಾನೂ ಸಹಿ ಹಾಕುತ್ತೇನೆ. ಅದಕ್ಕೂ ಮೊದಲು ನಿಮ್ಮ ಕೇರಿಯ ಸುತ್ತ ಉಳಿದಿರುವ ಕಾವಿ ಗೋಡೆಗಳ ಫೋಟೊ ತೆಗೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ